ಮೊದಲನೆಯದು ನಾರ್ಮಲ್, ಎರಡನೆಯದು?

ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಉದ್ದನೆಯ ಸಾಲಿನಲ್ಲಿ ನಿಂತರೂ ಅಷ್ಟೆ, ಕುವೆಂಪುನಗರದ ನರ್ಸಿಂಗ್ ಹೋಮಿನ ಮೆತ್ತನೆಯ ಕುರ್ಚಿಯಲ್ಲಿ ಕೂತರೂ ಅಷ್ಟೆ, ತಾಯಿ ಕಾರ್ಡ್ ಕೈಗೆ ತೆಗೆದುಕೊಂಡ ಡಾಕ್ಟರು ಕೇಳುವುದು ಎರಡೇ ಮಾತು. ‘ಎಷ್ಟನೇದಮ್ಮಾ?’ ‘ಮೊದಲನೇದು ನಾರ್ಮಲ್ಲಾ, ಸಿಸೇರಿಯನ್ನಾ?’ ಎರಡನೆಯದು, ಹಿಂದಿನದು ನಾರ್ಮಲ್ ಎಂದರೆ ಕೇಸ್‌ಶೀಟಿನ ಮೇಲೆ ‘ಜಿ2 ಪಿ1 ಎಲ್1’ ಎಂದು ಬೀಳುತ್ತದೆ. ಎರಡನೇ ಬಸಿರು, ಒಂದು ಹೆರಿಗೆ, ಒಂದು ಮಗು ಇದೆ ಎಂದು ಅದರ ಅರ್ಥ. ಜೊತೆಗೆ ಬಂದ ಅತ್ತೆಯ ಮುಖ ಅಲ್ಲಿಗೇ ಸಡಿಲವಾಗುತ್ತದೆ. ‘ಒಂದ್ಸಲ ದಾರಿ ಆಗಿದೆಯಲ್ಲ, ಇನ್ನೇನು ಭಯ?’

ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ಒಮ್ಮೆ ಸಹಜವಾಗಿ ಹೆತ್ತವಳಿಗೆ ಮುಂದಿನ ಸಲ ಸಿಸೇರಿಯನ್ ಆಗುವ ಸಂಭವ ಎಷ್ಟು? ‘ಮೊದಲು ಸಿಸೇರಿಯನ್ ಆದರೆ ಮುಂದೆ ನಾರ್ಮಲ್ ಆಗುತ್ತದೆಯೇ?’ ಎಂಬುದರ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅದರ ತಿರುವುಮುರುವಾದ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ, ಒಂದು ಆಸ್ಪತ್ರೆಯ ಹೆರಿಗೆ ಕೋಣೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ.

ಅಳತೆಗೋಲು ಈಗಾಗಲೇ ಇದೆ. ಪ್ರಸೂತಿ ತಜ್ಞ ಮೈಕೆಲ್ ರಾಬ್ಸನ್ 2001ರಲ್ಲಿ ಹೆರಿಗೆಗೆ ಬರುವ ಎಲ್ಲ ಹೆಂಗಸರನ್ನೂ ಹತ್ತು ಗುಂಪಾಗಿ ವಿಂಗಡಿಸುವ ಒಂದು ಕ್ರಮ ಹಾಕಿಕೊಟ್ಟರು. ಚೊಚ್ಚಲೋ ಅಲ್ಲವೋ, ಹಿಂದೆ ಸಿಸೇರಿಯನ್ ಆಗಿದೆಯೋ ಇಲ್ಲವೋ, ಮಗು ಒಂದೋ ಎರಡೋ, ತಲೆ ಕೆಳಗಿದೆಯೋ ಇಲ್ಲವೋ, ದಿನ ತುಂಬಿದೆಯೋ ಇಲ್ಲವೋ, ನೋವು ತಾನಾಗಿ ಬಂತೋ ಬರಿಸಿದ್ದೋ ಎಂಬ ಕೆಲವೇ ಪ್ರಶ್ನೆಗಳಲ್ಲಿ ವಿಂಗಡಣೆ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಒಪ್ಪಿಕೊಂಡು, ಎಲ್ಲ ಆಸ್ಪತ್ರೆಗಳೂ ಬಳಸಲಿ ಎಂದಿತು. ಇದರ ಮೂರನೆಯ ಗುಂಪೇ ನಮ್ಮ ‘ಜಿ2 ಪಿ1 ಎಲ್1’ ಹೆಣ್ಣುಮಗಳದು: ಹಿಂದೆ ಹೆತ್ತಿದ್ದಾಳೆ, ಹೊಟ್ಟೆಯ ಮೇಲೆ ಹೊಲಿಗೆಯಿಲ್ಲ, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ. ಸಂಸ್ಥೆಯ 2017ರ ಕೈಪಿಡಿಯ ಪ್ರಕಾರ ಈ ಗುಂಪಿನಲ್ಲಿ ಸಿಸೇರಿಯನ್ ಸಾಮಾನ್ಯವಾಗಿ ನೂರಕ್ಕೆ 3ನ್ನು ಮೀರಬಾರದು. ನೋವು ಬರಿಸಬೇಕಾದ, ಅಥವಾ ನೋವಿಗೆ ಮೊದಲೇ ಸಿಸೇರಿಯನ್ ಆದ ಇಂಥವರೇ ನಾಲ್ಕನೆಯ ಗುಂಪು. ಅಲ್ಲಿ 15ನ್ನು ದಾಟುವುದು ಅಪರೂಪವಾಗಿರಬೇಕು. ಅಡ್ಡ ಮಲಗಿದ ಮಗು, ಅವಳಿ, ದಿನ ತುಂಬದ ಹೆರಿಗೆ ಇವೆಲ್ಲ ಬೇರೆ ಗುಂಪುಗಳು. ಅವನ್ನೂ ಸೇರಿಸಿದರೆ ಒಟ್ಟು ಸಂಭವ 3ಕ್ಕಿಂತ ಹೆಚ್ಚುತ್ತದೆ ನಿಜ. ಆದರೂ ಚೊಚ್ಚಲಿನ ಲೆಕ್ಕಕ್ಕೆ ಅದು ಹತ್ತಿರವೂ ಬರುವುದಿಲ್ಲ.

ಚೊಚ್ಚಲಿನ ಲೆಕ್ಕ ನಮ್ಮ ರಾಜ್ಯದ್ದೇ ಇದೆ. ಹೆರಿಗೆ ನೋವಿನ ಪ್ರಗತಿಯನ್ನು ಗುರುತಿಸಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹೊಸ ಹಾಳೆಯನ್ನು ಕರ್ನಾಟಕದ 4 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದರು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಆಸ್ಟ್ರೇಲಿಯಾದ ಬರ್ನೆಟ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ನಡೆಸಿದ ಈ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ದಿನ ತುಂಬಿ, ತಾನಾಗಿ ನೋವು ಬಂದ ಚೊಚ್ಚಲ ಬಸುರಿಯರಲ್ಲಿ ಸಿಸೇರಿಯನ್ ಪ್ರಮಾಣ ಹಳೆಯ ಪದ್ಧತಿಯಲ್ಲಿ ಶೇ 45ರಷ್ಟು, ಹೊಸ ಹಾಳೆ ಬಂದ ಮೇಲೆ ಶೇ 40ರ ಆಸುಪಾಸು. ಈ ಇಳಿಕೆ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತ ಎನ್ನುವಷ್ಟಿರಲಿಲ್ಲ. ಅದು ಹಾಗಿರಲಿ, ಚೊಚ್ಚಲಿಗೆ ನೂರರಲ್ಲಿ 40 ಎಲ್ಲಿ, ಮೂರನೇ ಗುಂಪಿನಿಂದ ನಿರೀಕ್ಷಿಸುವ 3 ಎಲ್ಲಿ! ಅತ್ತೆಯ ಧೈರ್ಯಕ್ಕೆ ಇಷ್ಟು ಆಧಾರ ಸಾಕು.

ಪತ್ರಿಕೆಗಳಲ್ಲಿ ಬರುವುದು ಮಾತ್ರ ಒಟ್ಟು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 21.5ರಷ್ಟು ಹೆರಿಗೆ ಸಿಸೇರಿಯನ್, ಕರ್ನಾಟಕದಲ್ಲಿ ಶೇ 31.5, ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. 2024ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಟ್ಟ ಲೆಕ್ಕ ಇನ್ನೂ ಮೇಲೆ ಹೋಗಿತ್ತು: ರಾಜ್ಯದ ಒಟ್ಟು ಪ್ರಮಾಣ ಶೇ 46, ಖಾಸಗಿಯಲ್ಲಿ ಶೇ 61. ಇಂಥ ಅಂಕಿ ಓದಿದ ಕೂಡಲೇ ‘ದುಡ್ಡಿಗಾಗಿ ಕೊಯ್ಯುತ್ತಾರೆ’ ಎಂಬ ಮಾತು ಬರುತ್ತದೆ. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ, ಆದರೆ ಒಟ್ಟು ಪ್ರಮಾಣವನ್ನು ಹಿಡಿದು ಒಂದು ಆಸ್ಪತ್ರೆಯನ್ನು ತೂಗುವುದು ನ್ಯಾಯವಲ್ಲ. ಚೆಲುವಾಂಬಕ್ಕೆ ಮೈಸೂರಿನವರಷ್ಟೇ ಬರುವುದಿಲ್ಲ. ಮಂಡ್ಯ, ಚಾಮರಾಜನಗರ, ಕೊಡಗಿನ ಕಡೆಯಿಂದ, ಕೆಳಹಂತದ ಆಸ್ಪತ್ರೆಗಳು ‘ನಮ್ಮ ಕೈಲಾಗದು’ ಎಂದು ಕಳಿಸಿದ ಕೇಸುಗಳು ಬರುತ್ತವೆ: ಬಿಪಿ ಏರಿ ಫಿಟ್ಸ್ ಬಂದವರು, ರಕ್ತ ಹೋಗುತ್ತಿರುವವರು, ಹಿಂದೆ ಎರಡು ಸಿಸೇರಿಯನ್ ಆದವರು. ಅಲ್ಲಿನ ಒಟ್ಟು ಪ್ರಮಾಣ ಏರಿದರೆ ಅಚ್ಚರಿಯಿಲ್ಲ. ಆದರೆ ಆರೋಗ್ಯವಂತ, ಹಿಂದೆ ನಾರ್ಮಲ್ ಆದ, ತಾನಾಗಿ ನೋವು ಬಂದ ಹೆಂಗಸು ಎಲ್ಲಿಗೆ ಹೋದರೂ ಒಂದೇ. ಚೆಲುವಾಂಬದಲ್ಲೂ, ಜೆಎಸ್‌ಎಸ್ ಆಸ್ಪತ್ರೆಯಲ್ಲೂ, ಹತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲೂ ಅವಳಿಗೆ ಸಿಸೇರಿಯನ್ ಬೇಕಾಗುವ ಸಂಭವ ಸರಿಸುಮಾರು ಒಂದೇ ಇರಬೇಕು. ಎಲ್ಲೋ ಒಂದು ಕಡೆ ಅದು 10, 15 ಆಗಿದ್ದರೆ ಕಾರಣವನ್ನು ಅವಳ ಮೈಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಾಗಾದರೆ ಆ 3 ಮಂದಿ, ಮತ್ತು ಬೇರೆ ಗುಂಪಿನ ಇನ್ನಷ್ಟು ಮಂದಿ, ಯಾರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ‘ದಾರಿ ಆಗಿದೆ’ ಎಂಬ ಮಾತು ದಾರಿಯ ಬಗ್ಗೆ ಮಾತ್ರ ಹೇಳುತ್ತದೆ. ಈ ಸಲದ ಮಗು, ಮಾಸು, ಹೊಕ್ಕುಳಬಳ್ಳಿಯ ಬಗ್ಗೆ ಏನೂ ಹೇಳುವುದಿಲ್ಲ.

ಹಲವು ಹೆರಿಗೆ ಆದವರಲ್ಲಿ ಹೊಟ್ಟೆಯ ಸ್ನಾಯು ಸಡಿಲ. ಒಳಗೆ ಜಾಗ ಹೆಚ್ಚಿರುವುದರಿಂದ ಮಗು ಅಡ್ಡ ಮಲಗುವುದು ಚೊಚ್ಚಲಿಗಿಂತ ಇವರಲ್ಲೇ ಜಾಸ್ತಿ. ಅಡ್ಡ ಮಲಗಿದ ಮಗುವಿಗೆ ನೀರು ಒಡೆದರೆ ಬಳ್ಳಿ ಕೆಳಗೆ ಜಾರಿಬಿಡಬಹುದು. ಆಗ ನಿಮಿಷಗಳ ಲೆಕ್ಕ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿರುವುದು ಸುಮಾರು 200 ಬಸಿರಿಗೆ ಒಂದು. ಹಿಂದೆ ಹತ್ತು ಹೆತ್ತಿದ್ದರೂ ಅವಳಿಗೆ ಸಿಸೇರಿಯನ್ನೇ ಗತಿ. ದಿನ ತುಂಬಿದಾಗ ತಲೆ ಮೇಲಿರುವ ಮಕ್ಕಳು ನೂರಕ್ಕೆ 3–4. ಇಲ್ಲಿ ಹಿಂದಿನ ಹೆರಿಗೆ ಒಂದು ಅನುಕೂಲ ಮಾಡಿಕೊಡುತ್ತದೆ. ಹೊಟ್ಟೆಯ ಮೇಲಿನಿಂದ ಕೈಯಲ್ಲೇ ಮಗುವನ್ನು ತಿರುಗಿಸುವ ಕ್ರಮ ಚೊಚ್ಚಲಿನವರಲ್ಲಿ ನೂರಕ್ಕೆ ಸುಮಾರು 40 ಫಲಿಸಿದರೆ, ಹೆತ್ತವರಲ್ಲಿ ಸುಮಾರು 60 ಫಲಿಸುತ್ತದೆ. 2000ದಲ್ಲಿ ಬಂದ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದ ನಂತರ ಇಂಥ ಮಕ್ಕಳನ್ನು ಸಹಜವಾಗಿ ಹೆರಿಸುವ ಕಲೆ ಜಗತ್ತಿನಾದ್ಯಂತ ಕ್ಷೀಣಿಸಿತು. ತಿರುಗಿಸಿ ನೋಡುವ ಕಲೆಯೂ ಅದರ ಜೊತೆಗೆ ಮೂಲೆ ಸೇರಬೇಕಾಗಿರಲಿಲ್ಲ. ನಿಮ್ಮ ಡಾಕ್ಟರು ಅದನ್ನು ಮಾಡುತ್ತಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು, ಮಗುವಿನ ಗಾತ್ರ. ಎರಡನೆಯ ಮಗು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ತುಸು ತೂಕ. ತಾಯಿಗೆ ಶುಗರ್ ಇದ್ದರೆ ಇನ್ನೂ ತೂಕ. ಈ ವಿಷಯದಲ್ಲಿ ಮೈಸೂರಿಗೆ ಜಗತ್ತಿನ ವೈದ್ಯ ಸಾಹಿತ್ಯದಲ್ಲೇ ಒಂದು ಸ್ಥಾನವಿದೆ. ಮಂಡಿಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಿಂದ ಇದೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿ ಇಟ್ಟಿದ್ದರು. ತಾಯಿಯ ತೂಕ, ಸೊಂಟದ ಮೂಳೆಗಳ ಅಳತೆ ಕೂಡ. ತೂಕ ಪೌಂಡಿನಲ್ಲಿ, ಉದ್ದ ಇಂಚಿನಲ್ಲಿ. ಬರೆದಿಟ್ಟವರಿಗೆ ಇದು ಮುಂದೆ ಯಾರಿಗೆ ಬೇಕಾದೀತು ಎಂಬ ಕಲ್ಪನೆಯೂ ಇದ್ದಿರಲಾರದು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರ ಜೊತೆಗೂಡಿ, ಆ ದಾಖಲೆಗಳಲ್ಲಿದ್ದ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಹಿಡಿದರು. ದಪ್ಪಗಿನ ತಾಯಂದಿರಿಗೆ ಹುಟ್ಟಿದ, ಉದ್ದಕ್ಕೆ ಹೋಲಿಸಿದರೆ ತೂಕ ಜಾಸ್ತಿಯಿದ್ದ ಮಕ್ಕಳಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಗೊತ್ತಾಯಿತು. ಆ ತಾಯಂದಿರಿಗೇ ಬಸಿರಿನಲ್ಲಿ ಶುಗರ್ ಇತ್ತೇ ಎಂಬ ಅನುಮಾನ ಹುಟ್ಟಿ, 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದಾಗ ಶೇ 6.2ರಷ್ಟು ಮಂದಿಯಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಕಂಡಿತು. ಅವರಿಗೆ ಹುಟ್ಟಿದ ಮಕ್ಕಳು ತೂಕದಲ್ಲಿ ಉಳಿದವರಿಗಿಂತ ಮುಂದಿದ್ದರು. ಮೊದಲ ಬಸಿರಿನಲ್ಲಿ ಇಲ್ಲದ ಶುಗರ್ ಎರಡನೆಯದರಲ್ಲಿ ಬರುವುದು ಮಾಮೂಲು. ಆ ವೇಳೆಗೆ ತಾಯಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ, ಬಾಣಂತನದಲ್ಲಿ ಏರಿದ ತೂಕ ಇಳಿದಿರುವುದಿಲ್ಲ. ಈಗ ಸರ್ಕಾರಿ ನಿಯಮದಂತೆ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ನಂತರ ನೋಡುವ ಪರೀಕ್ಷೆ ಎಲ್ಲರಿಗೂ ಇದೆ. 140 ಮುಟ್ಟಿದರೆ ಎಚ್ಚರಿಕೆ. ‘ಮೊದಲನೇದ್ರಲ್ಲಿ ಏನೂ ಇರಲಿಲ್ಲ’ ಎಂದು ಅದನ್ನು ತಪ್ಪಿಸಿಕೊಳ್ಳುವವರಿದ್ದಾರೆ. ಬೇಡ.

ಹೆರಿಗೆ ಕೋಣೆಯಲ್ಲಿ ದುಡಿದವರೆಲ್ಲ ಬಲ್ಲ ಒಂದು ಪಾಠವಿದೆ. ದಾರಿ ಕಟ್ಟಿದಾಗ ಚೊಚ್ಚಲಿನ ಗರ್ಭಕೋಶ ದಣಿದು ಸುಮ್ಮನಾಗುತ್ತದೆ. ಹೆತ್ತವಳ ಗರ್ಭಕೋಶ ಸುಮ್ಮನಾಗುವುದಿಲ್ಲ, ಒತ್ತಿ ಒತ್ತಿ ಹರಿದುಹೋಗಬಹುದು. ಆದ್ದರಿಂದ ಹಿಂದೆ ಸಲೀಸಾಗಿ ಹೆತ್ತವಳಿಗೆ ಈ ಸಲ ನೋವು ಮುಂದುವರಿಯದೆ ನಿಂತರೆ ಅನುಭವಿ ಡಾಕ್ಟರಿಗೆ ಆತಂಕವಾಗುತ್ತದೆ. ನೋವು ಹೆಚ್ಚಿಸುವ ಡ್ರಿಪ್ಪನ್ನು ಇವರಿಗೆ ಕಣ್ಣುಮುಚ್ಚಿ ಏರಿಸುವಂತಿಲ್ಲ. ‘ಮೊದಲನೇದು ನಾಲ್ಕೇ ಗಂಟೆಯಲ್ಲಿ ಆಗಿತ್ತು, ಇದ್ಯಾಕೆ ಕೊಯ್ದರು’ ಎಂದು ದೂರುವ ಮನೆಯವರು ಇದನ್ನು ತಿಳಿದಿರಬೇಕು. ಮೊದಲನೆಯದು ನಾಲ್ಕು ಗಂಟೆಯಲ್ಲಿ ಆಗಿತ್ತು ಎಂಬುದೇ ಅಲ್ಲಿ ಅನುಮಾನಕ್ಕೆ ಕಾರಣ. ಇನ್ನು ಎರಡು ಹೆರಿಗೆಗಳ ನಡುವೆ ಬಹಳ ವರ್ಷ ಕಳೆದಿದ್ದರೆ ನೋವಿನ ನಡಿಗೆ ಚೊಚ್ಚಲಿನಂತೆ ನಿಧಾನವಾಗುವುದೂ ಉಂಟು. ಮೊದಲ ಹೆರಿಗೆಯಲ್ಲಿ ಗುದದ ಸ್ನಾಯುವಿನವರೆಗೆ ಹರಿದು ನರಳಿದವಳು ಈ ಸಲ ಸಿಸೇರಿಯನ್ನೇ ಬೇಕು ಎಂದರೆ ಅದು ಅವಳ ಹಕ್ಕು. ಅತ್ತೆ ತಲೆಹಾಕಬೇಕಾದ ವಿಷಯವಲ್ಲ.

ಈಗ ಅಷ್ಟಾಗಿ ಒಪ್ಪಲಾಗದ ಕಾರಣಗಳಿಗೆ ಬರೋಣ. ‘ಕೊರಳಿಗೆ ಬಳ್ಳಿ ಸುತ್ತಿದೆ’ ಎಂಬುದು ಇವುಗಳಲ್ಲಿ ಬಹಳ ಪ್ರಸಿದ್ಧ. ನಾಲ್ಕೈದು ಮಕ್ಕಳಲ್ಲಿ ಒಂದು ಹಾಗೆ ಸುತ್ತಿಕೊಂಡೇ ಹುಟ್ಟುತ್ತದೆ. ಮಗುವಿನ ಎದೆಬಡಿತ ಸರಿಯಿದ್ದರೆ ಅದೊಂದೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ. ‘ಮಗು ದಪ್ಪ ಇದೆ’ ಎಂಬುದು ಇನ್ನೊಂದು. ಸ್ಕ್ಯಾನಿನಲ್ಲಿ ಕಾಣುವ ತೂಕ ಶೇ 10–15ರಷ್ಟು ಆಚೀಚೆ ಆಗುವುದು ಸಾಮಾನ್ಯ. ತೂಕವೊಂದನ್ನೇ ನೋಡಿ ಸಿಸೇರಿಯನ್ ಯೋಚಿಸಲು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹಾಕಿದ ಗೆರೆ, ಶುಗರ್ ಇರುವವರಿಗೆ 4.5 ಕಿಲೋ, ಇಲ್ಲದವರಿಗೆ 5 ಕಿಲೋ. ನಮ್ಮವರ ಮೈಕಟ್ಟು ಸಣ್ಣದು, ಆ ಗೆರೆ ಹಾಗೇ ಹೊಂದುವುದಿಲ್ಲ ಎಂಬ ವಾದ ಒಪ್ಪೋಣ. ಆದರೆ 3.2 ಕಿಲೋ ಮಗುವನ್ನು ಸಹಜವಾಗಿ ಹೆತ್ತವಳಿಗೆ 3.4 ಕಿಲೋ ಎಂದು ಹೆದರಿಸುವುದು ಯಾವ ಲೆಕ್ಕ?

ಗಡಿಯಾರವೂ ಸಿಸೇರಿಯನ್ ಮಾಡಿಸುತ್ತದೆ. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದ ಮೇಲೆ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಎಂಬ ಹಳೆಯ ನಿಯಮದ ಬೇರು 1955ರ ಫ್ರೀಡ್‌ಮನ್ ಅವರ ಅಧ್ಯಯನದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು ಕೈಬಿಟ್ಟಿತು: ಚುರುಕಿನ ಹಂತ 5 ಸೆಂಟಿಮೀಟರಿಗೆ ಶುರು, ಅಲ್ಲಿಂದ ಪೂರ್ತಿ ತೆರೆಯಲು ಹೆತ್ತವರಿಗೂ 10 ಗಂಟೆಯವರೆಗೆ ಬೇಕಾಗಬಹುದು, ಗಂಟೆಗೊಂದು ಸೆಂಟಿಮೀಟರ್ ಎಂಬ ಒಂದೇ ಕಾರಣಕ್ಕೆ ಕೈಹಾಕಬೇಡಿ ಎಂದಿತು. ನೋವು ಬರಿಸುವ ವಿಷಯದಲ್ಲೂ ಹೀಗೆಯೇ. ಗರ್ಭಕೋಶದ ಬಾಯಿ ಹದವಾಗಿದೆಯೇ ಎಂದು ನೋಡಲು ಇಂದು ಎಲ್ಲರೂ ಬಳಸುವ ಬಿಷಪ್ ಅಂಕವನ್ನು 1964ರಲ್ಲಿ ರೂಪಿಸಿದ್ದೇ ಹಿಂದೆ ಹೆತ್ತವರಿಗಾಗಿ. ಅಂಕ ನೋಡದೆ, ಬೇಸ್ತವಾರ ಅನುಕೂಲ ಎಂದು ಜೆಲ್ ಇಟ್ಟು, ಶುಕ್ರವಾರ ‘ಫೇಲ್ಡ್ ಇಂಡಕ್ಷನ್’ ಎಂದು ಥಿಯೇಟರಿಗೆ ಒಯ್ಯುವುದು ಆ ಬಿಷಪ್ಪರಿಗೆ ಮಾಡುವ ಅನ್ಯಾಯ. ಎದೆಬಡಿತವನ್ನು ಎಡೆಬಿಡದೆ ಮುದ್ರಿಸುವ ಯಂತ್ರದ್ದೂ ಇದರಲ್ಲಿ ಪಾಲಿದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಅದು ನವಜಾತರ ಫಿಟ್ಸನ್ನು ಕಡಿಮೆ ಮಾಡಿದೆ, ಸೆರೆಬ್ರಲ್ ಪಾಲ್ಸಿಯನ್ನು ಕಡಿಮೆ ಮಾಡಿಲ್ಲ, ಸಿಸೇರಿಯನ್ನನ್ನು ಖಂಡಿತ ಹೆಚ್ಚಿಸಿದೆ.

ಮನೆಯವರ ಕೊಡುಗೆಯೂ ಇದೆ. ಅಮಾವಾಸ್ಯೆ ಬೇಡ, ಮೂಲಾ ನಕ್ಷತ್ರ ಬೇಡ, ಜೋಯಿಸರು ಕೊಟ್ಟ ಗಳಿಗೆಗೇ ಮಗು ಹೊರಬರಲಿ ಎಂದು ಚೀಟಿ ಹಿಡಿದು ಬರುವವರು ವಿದ್ಯಾವಂತರಲ್ಲೇ ಹೆಚ್ಚೇನೋ. ಅದಕ್ಕಿಂತ ಗಟ್ಟಿಯಾದ ಒತ್ತಡ ಇನ್ನೊಂದು: ‘ಹೇಗೂ ಎರಡನೇದು. ಸಿಸೇರಿಯನ್ ಮಾಡಿ, ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮಾಡಿಬಿಡಿ, ಒಂದೇ ಖರ್ಚಿನಲ್ಲಿ ಮುಗೀಲಿ.’ ಸಂತಾನಹರಣ ಚಿಕಿತ್ಸೆಯ ಅನುಕೂಲಕ್ಕಾಗಿ ಮಾಡುವ ಸಿಸೇರಿಯನ್‌ನಿಂದ ಮೂರನೇ ಗುಂಪಿನ ಪ್ರಮಾಣ ಏರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯೇ ಎಚ್ಚರಿಸುತ್ತದೆ. ಕರ್ನಾಟಕದ ಮಟ್ಟಿಗೆ ಈ ಮಾತು ಹಗುರವಲ್ಲ. ಇಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಹೆಂಗಸರ ಕುಟುಂಬ ಯೋಜನೆ ಎಂದರೆ ಟ್ಯುಬೆಕ್ಟಮಿಯೇ. ಗಂಡಸರ ವ್ಯಾಸೆಕ್ಟಮಿ ಇದಕ್ಕಿಂತ ಸುಲಭ, ಮಾಡಿಸಿಕೊಳ್ಳುವವರು ಬೆರಳೆಣಿಕೆ. ಟ್ಯುಬೆಕ್ಟಮಿಗೆ ಸಿಸೇರಿಯನ್ ಬೇಕಾಗಿಯೇ ಇಲ್ಲ. ನಾರ್ಮಲ್ ಹೆರಿಗೆಯಾದ ವಾರದೊಳಗೆ ಹೊಕ್ಕುಳ ಕೆಳಗೆ ಸಣ್ಣ ಗಾಯದಲ್ಲಿ ಅದು ಮುಗಿಯುತ್ತದೆ. ಆಗ ತಪ್ಪಿದರೆ ಆರು ವಾರದ ನಂತರ ಲ್ಯಾಪರೋಸ್ಕೋಪಿಯಲ್ಲಿ.

ಈ ‘ಒಂದೇ ಖರ್ಚು’ ನಿಜವಾಗಿ ಒಂದೇ ಅಲ್ಲ. ಸಿಸೇರಿಯನ್ ದೊಡ್ಡ ಶಸ್ತ್ರಚಿಕಿತ್ಸೆ. ರಕ್ತ ಹೆಚ್ಚು ಹೋಗುತ್ತದೆ, ಸೋಂಕು, ರಕ್ತ ಹೆಪ್ಪುಗಟ್ಟುವುದು, ಅರಿವಳಿಕೆಯ ತೊಂದರೆ ಎಲ್ಲಕ್ಕೂ ಬಾಗಿಲು ತೆರೆದಂತೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ರಾಜ್ಯವೇ ಅಲುಗಾಡಿತು. ಅಗತ್ಯವಿದ್ದಾಗ ಆ ಅಪಾಯವನ್ನು ಹೊರಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಅಗತ್ಯವಿದ್ದೂ ಸಿಗದವರ ಕಥೆ ಮೈಸೂರಿನಿಂದ ದೂರವಿಲ್ಲ. ಎಚ್.ಡಿ. ಕೋಟೆ, ಸರಗೂರು ಕಡೆಯ ಹಾಡಿಗಳ ಜೇನುಕುರುಬ ಹೆಣ್ಣುಮಗಳಿಗೆ ನಾಲ್ಕನೇ ಹೆರಿಗೆಯಲ್ಲಿ ಮಗು ಅಡ್ಡವಾದರೆ, ಕಾಡಂಚಿನಿಂದ ಥಿಯೇಟರ್ ಇರುವ ಆಸ್ಪತ್ರೆ ಮುಟ್ಟುವುದೇ ಸವಾಲು. 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬ್ಯುಲೆನ್ಸ್, ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಆಸ್ಪತ್ರೆಯಂಥವು ಈ ಅಂತರವನ್ನು ಕಡಿಮೆ ಮಾಡಿವೆ. ನಗರದಲ್ಲಿ ಸಿಸೇರಿಯನ್ ಜಾಸ್ತಿಯಾಯಿತು ಎಂದು ಬರೆಯುವವರು ಈ ಹಾಡಿಗಳನ್ನು ಮರೆತು ಬರೆಯಬಾರದು.

ಒಂದು ಐತಿಹಾಸಿಕ ಮಾತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಜಗತ್ತಿನಲ್ಲೇ ಮೊದಲು ಎಂದು ಹೇಳುವುದುಂಟು. ಆಗ ಐದಾರು ಹೆರುವುದು ಮಾಮೂಲು, ಹೆರಿಗೆಗೆ ಬರುವವರಲ್ಲಿ ಬಹುಪಾಲು ಹಿಂದೆ ಹೆತ್ತವರೇ. 2019–21ರ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಚೊಚ್ಚಲಿನವರ ಪಾಲು ಹೆಚ್ಚಿದಂತೆ ಒಟ್ಟು ಸಿಸೇರಿಯನ್ ಪ್ರಮಾಣ ಏರಲೇಬೇಕು. ಏರಿಕೆಯ ಒಂದು ಭಾಗಕ್ಕೆ ಯಾರೂ ತಪ್ಪಿತಸ್ಥರಲ್ಲ. ಗುಂಪು ಗುಂಪಾಗಿ ಲೆಕ್ಕ ಇಡಬೇಕೆನ್ನುವುದು ಇದಕ್ಕೇ. ಹತ್ತು ಸಾಲಿನ ಆ ಪಟ್ಟಿಯನ್ನು ತುಂಬಲು ಬೇಕಾದ ಮಾಹಿತಿಯೆಲ್ಲ ಪ್ರತಿ ಕೇಸ್‌ಶೀಟಿನಲ್ಲೂ ಇರುತ್ತದೆ. ಹೊಸದಾಗಿ ಒಂದು ಪೈಸೆಯ ಖರ್ಚೂ ಇಲ್ಲ. ಮೈಸೂರಿನ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆಲ್ಲ ವರ್ಷಕ್ಕೊಮ್ಮೆ ಅದನ್ನು ನೋಟಿಸ್ ಬೋರ್ಡಿಗೆ ಹಾಕುವಂತೆ ಜಿಲ್ಲಾ ಆರೋಗ್ಯ ಇಲಾಖೆ ಹೇಳಬೇಕು. ಬಿಲ್ಲಿನ ದರಪಟ್ಟಿ ಹಾಕಿ ಎನ್ನುವುದಾದರೆ ಇದನ್ನೇಕೆ ಹೇಳಬಾರದು?

ಅಲ್ಲಿಯವರೆಗೆ ಬಸುರಿಯ ಮನೆಯವರು ಮಾಡಬಹುದಾದ್ದೂ ಇದೆ. ನಮ್ಮಲ್ಲಿ ಚೊಚ್ಚಲು ತವರಿನಲ್ಲಿ. ಹಾಸನದಲ್ಲೋ ಚಾಮರಾಜನಗರದಲ್ಲೋ ಆದ ಮೊದಲ ಹೆರಿಗೆಯ ಕಾಗದ ತವರಿನ ಬೀರುವಿನಲ್ಲೇ ಉಳಿದು, ಎರಡನೆಯದಕ್ಕೆ ಮೈಸೂರಿನ ಡಾಕ್ಟರ ಮುಂದೆ ‘ನಾರ್ಮಲ್ ಆಯ್ತು’ ಎಂಬ ಒಂದೇ ಮಾತು ಬರುತ್ತದೆ. ಮಗುವಿನ ತೂಕ ಎಷ್ಟಿತ್ತು, ನೋವು ಎಷ್ಟು ಹೊತ್ತು ಇತ್ತು, ಎಳೆದು ತೆಗೆದರೇ, ರಕ್ತ ಜಾಸ್ತಿ ಹೋಯಿತೇ ಎಂಬುದೆಲ್ಲ ಆ ಡಿಸ್ಚಾರ್ಜ್ ಕಾಗದದಲ್ಲಿದೆ; ಹುಡುಕಿ ತನ್ನಿ. ಆಸ್ಪತ್ರೆ ಆರಿಸುವಾಗ ನೇರವಾಗಿ ಕೇಳಿ: ‘ಮೊದಲು ನಾರ್ಮಲ್ ಆಗಿ, ಈ ಸಲ ತಾನಾಗಿ ನೋವು ಬಂದವರಲ್ಲಿ ನಿಮ್ಮಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್?’ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರನ್ನು ಬಿಡುತ್ತಾರೆಯೇ ಎಂದೂ ಕೇಳಿ. ಪಕ್ಕದಲ್ಲಿ ಕೈಹಿಡಿದು ನಿಲ್ಲುವವರಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಇಷ್ಟಾಗಿಯೂ ಈ ಸಲ ಸಿಸೇರಿಯನ್ನೇ ಆದರೆ, ಮೂರನೆಯದು ಬೇಕೆನಿಸಿದಾಗ ದಾರಿ ಮುಚ್ಚಿತು ಎಂದುಕೊಳ್ಳಬೇಡಿ. ಒಮ್ಮೆಯಾದರೂ ಸಹಜವಾಗಿ ಹೆತ್ತವರು ಸಿಸೇರಿಯನ್ ನಂತರ ಮತ್ತೆ ನಾರ್ಮಲ್‌ಗೆ ಪ್ರಯತ್ನಿಸಿದರೆ ನೂರಕ್ಕೆ 85ರಿಂದ 90 ಮಂದಿಗೆ ಅದು ಸಾಧ್ಯವಾಗುತ್ತದೆ.

ಎರಡನೇ ಹೆರಿಗೆಯ ನೋವು ಸಾಮಾನ್ಯವಾಗಿ ಮೊದಲಿನದಕ್ಕಿಂತ ಬೇಗ ಮುಗಿಯುತ್ತದೆ. ನೋವು ಶುರುವಾದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಮೊದಲ ಸಲದ ಲೆಕ್ಕ ಹಿಡಿದು ಮನೆಯಲ್ಲಿ ಕಾಯಬೇಡಿ, ಕೂಡಲೇ ಹೊರಡಿ.